ಅವಳ ಕೈಯಲ್ಲಿ ತೆರೆದ ಡಿ ಡ್ರೈವ್

ಯಾಸ್ಮೀನ್ ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಿದ್ದಳು. ಅದನ್ನು ಮೊದಲ ದಿನವೇ ಗಮನಿಸಿದ್ದೆ. ಅವಳನ್ನು ಸಹಿಸಲಾರದೆ ಹೋದದ್ದೂ ಮೊದಲ ದಿನವೇ.

ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಧುಕೇಶ್ವರಣ್ಣನ ಡಿಟಿಪಿ ಅಂಗಡಿ. ಕೆಳಗೆ ಆಫ್‌ಸೆಟ್ ಮಶೀನು, ಮೇಲೆ ಎರಡು ಕಂಪ್ಯೂಟರ್. ಆರು ವರ್ಷ ಅಲ್ಲಿ ನಾನೊಬ್ಬಳೇ ಇದ್ದೆ. ಮದುವೆ, ಉಪನಯನ, ಗೃಹಪ್ರವೇಶ, ತಾಳಮದ್ದಲೆಯ ಕರಪತ್ರ, ಎಲ್ಲವೂ ನನ್ನ ಕೈಯಿಂದಲೇ ಹೊರಡಬೇಕು. ಬರುವವರು "ಶ್ರೀವಾಣಿ ಇದ್ದಾಳ?" ಎಂದು ಕೇಳಿಯೇ ಚಪ್ಪಲಿ ಬಿಡುತ್ತಿದ್ದರು. ಯಾವ ಮನೆಯಲ್ಲಿ ಯಾರ ಹೆಸರು ಮೇಲೆ ಬರಬೇಕು, ಯಾವ ಅಣ್ಣತಮ್ಮಂದಿರ ಹೆಸರನ್ನು ಒಂದೇ ಸಾಲಿನಲ್ಲಿ ಹಾಕಿದರೆ ಜಗಳವಾಗುತ್ತದೆ, ನನಗೆ ಗೊತ್ತಿತ್ತು. ಒಂದೊಂದು ಮನೆಗೆ ಒಂದೊಂದು ಫೈಲು. ಎಲ್ಲವೂ ಹೊಸ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ, ನನ್ನ ಫೋಲ್ಡರಿನಲ್ಲಿ. ಅದಕ್ಕೊಂದು ಬೀಗ: ನನ್ನ ಪಾಸ್‌ವರ್ಡಿನಿಂದ ಒಳಗೆ ಹೋದರೆ ಮಾತ್ರ ತೆರೆಯುತ್ತಿತ್ತು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ, ಮದುವೆಯ ಕೆಲಸ ಹೆಚ್ಚಾಯಿತೆಂದು ಮಧುಕೇಶ್ವರಣ್ಣ ಅವಳನ್ನು ಕರೆತಂದರು. ಹುಬ್ಬಳ್ಳಿಯಲ್ಲಿ ಕೋರ್ಸ್ ಮಾಡಿದವಳು. ತಂದೆಗೆ ಯಲ್ಲಾಪುರ ನಾಕೆಯಲ್ಲಿ ಎರಡು ಲಾರಿ. ಬಂದ ಎರಡೇ ವಾರದಲ್ಲಿ ಪತ್ರಿಕೆಯೊಂದರ ಜೊತೆ ಸಿಕ್ಕ ಸಿಡಿಯಿಂದ ಹೊಸ ಕಂಪ್ಯೂಟರಿಗೆ, ವಿಂಡೋಸಿನ ಬದಲು ಬಳಸುವ ಲಿನಕ್ಸ್ ಹಾಕಿದಳು. ವಿಂಡೋಸ್ ಇದ್ದಲ್ಲೇ ಇತ್ತು. ಡಿಸ್ಕಿನ ಕೊನೆಯಲ್ಲಿ ಖಾಲಿ ಬಿದ್ದಿದ್ದ ಭಾಗದಲ್ಲಿ ಲಿನಕ್ಸ್ ಕೂತಿತು. ಕಂಪ್ಯೂಟರ್ ಶುರುವಾದಾಗ ಎರಡರಲ್ಲಿ ಯಾವುದು ಬೇಕೆಂದು ಕೇಳುತ್ತಿತ್ತು. ಮಧುಕೇಶ್ವರಣ್ಣ ಬಂದವರಿಗೆಲ್ಲ ಪರದೆಯ ಮೇಲಿನ ಲಿನಕ್ಸಿನ ಪೆಂಗ್ವಿನ್ ತೋರಿಸಿ, "ವೈರಸ್ಸೇ ಬರೂದಿಲ್ಲಂತೆ, ನಮ್ ಯಾಸ್ಮೀನ್ ಹಾಕಿದ್ದು," ಎನ್ನುತ್ತಿದ್ದರು. ಆರು ವರ್ಷದಲ್ಲಿ ನಾನು ಒಮ್ಮೆಯೂ 'ನಮ್ ಶ್ರೀವಾಣಿ' ಆಗಿರಲಿಲ್ಲ.

ನನಗಿದ್ದ ಸಮಾಧಾನ ಒಂದೇ. ಆ ಲಿನಕ್ಸಿನಲ್ಲಿ ಡಿ ಡ್ರೈವ್ ಕಾಣುತ್ತಿರಲಿಲ್ಲ. ನಾನು ಕದ್ದು ಹುಡುಕಿ ನೋಡಿದ್ದೆ. ಎಲ್ಲಿಯೂ ಇರಲಿಲ್ಲ.

ಆಮೇಲೆ ಉಮ್ಮಚಗಿಯವರ ತಾಳಮದ್ದಲೆಯ ಕರಪತ್ರ ಬಂತು. ಅದು ಕಷ್ಟದ ಕೆಲಸ. ಭಾಗವತರು ಮೊದಲು, ಮದ್ದಲೆಯವರು ಆಮೇಲೆ, ಅರ್ಥಧಾರಿಗಳು ಹಿರಿತನದ ಮೇಲೆ. ಒಂದು ಹೆಸರು ಕೆಳಗಿಳಿದರೂ ಮರುದಿನ ಫೋನು ಬರುತ್ತದೆ. ನನಗೆ ಜ್ವರವಿತ್ತು, ಎರಡು ದಿನ ರಜೆ. ತಿರುಗಿ ಬಂದಾಗ ಯಾಸ್ಮೀನ್ ನನ್ನ ಕಂಪ್ಯೂಟರಿನಲ್ಲೇ ಅದನ್ನು ಮುಗಿಸಿದ್ದಳು. ತಪ್ಪು ಹುಡುಕಲೆಂದೇ ಓದಿದೆ. ಸಿಗಲಿಲ್ಲ. ಉಮ್ಮಚಗಿಗೆ ಒಂದೇ ಫೋನು ಮಾಡಿ ಎಲ್ಲವನ್ನೂ ಕೇಳಿಕೊಂಡಿದ್ದಳಂತೆ. ಅಂಚಿಗೆ ಬಿಡಿಸಿದ ಬಳ್ಳಿ ನಾನು ಹಾಕುವ ಬಳ್ಳಿಗಿಂತ ತೆಳ್ಳಗೆ, ಚಂದ.

ಊಟಕ್ಕೆ ಎಲ್ಲರೂ ಎದ್ದುಹೋದಾಗ ಆ ಫೈಲನ್ನು ತೆಗೆದು ನನ್ನ ಫೋಲ್ಡರಿಗೆ ಹಾಕಿಕೊಂಡೆ.

ಅಳಿಸಬಹುದಿತ್ತು. ಕೈ ಬರಲಿಲ್ಲ. ಅಚ್ಚುಮೊಳೆಯ ಕಾಲದಿಂದಲೂ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ: ಮೊಳೆ ಜೋಡಿಸಿ ಚೆನ್ನಾಗಿ ಕೂತ ಮ್ಯಾಟರನ್ನು ಬಿಚ್ಚುವುದಿಲ್ಲ, ದಾರ ಕಟ್ಟಿ ಇಡುತ್ತಾರೆ, ಮುಂದಿನ ವರ್ಷ ತಾರೀಖು ಬದಲಿಸಿದರೆ ಸಾಕು. ಉಮ್ಮಚಗಿಯವರು ಮುಂದಿನ ವರ್ಷವೂ ಬರುತ್ತಾರಲ್ಲ.

ಸಂಜೆ ಮಧುಕೇಶ್ವರಣ್ಣ ಅವಳಿಗೆ ಎಲ್ಲರೆದುರು ಬೈದರು. "ಹುಬ್ಬಳ್ಳಿ ಕೋರ್ಸಿನಲ್ಲಿ ಸೇವ್ ಮಾಡೂದು ಕಲಿಸಲಿಲ್ಲನಾ?" ಅವಳು ಹಳೆಯ ಕಂಪ್ಯೂಟರಿನಲ್ಲಿ ಮೊದಲಿಂದ ಹೊಡೆದಳು. ಮೂಗು ಒರೆಸುತ್ತಿದ್ದಳು. ಎರಡನೇ ಸಲದ ಬಳ್ಳಿ ಅಷ್ಟು ಚಂದ ಬರಲಿಲ್ಲ. ನನಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು.

ಇದಾಗಿ ಎಂಟನೇ ದಿನ ಬೆಳಿಗ್ಗೆ ವಿಂಡೋಸ್ ಏಳಲಿಲ್ಲ. ಕಪ್ಪು ಪರದೆ, ಏನೋ ಕಾಣೆಯಾಗಿದೆ ಎಂದು ಒಂದು ಸಾಲು. ನಾಲ್ಕು ಸಲ ಆರಿಸಿ ಹಚ್ಚಿದೆ. ತ್ಯಾಗಲಿಯ ವೆಂಕಟ್ರಮಣ ಹೆಗಡೇರು ಆಗಲೇ ಬಂದು ಕೂತಿದ್ದರು. ಮಗಳ ಮದುವೆಯ ಕಾಗದ. ಮನೆಯವರೆಲ್ಲ ನೋಡಿ ಒಪ್ಪಿಯಾಗಿತ್ತು, ಪ್ರಿಂಟ್ ತೆಗೆದು ಕೆಳಗೆ ಮಶೀನಿಗೆ ಕೊಡುವುದಷ್ಟೇ ಬಾಕಿ.

"ಎಂತ ಆತೇ ತಂಗಿ?" ಎಂದು ಹೆಗಡೇರು ನಮ್ಮ ಮನೆಮಾತಿನಲ್ಲೇ ಕೇಳಿದರು.

"ಕಂಪ್ಯೂಟರ್ ಹಾಳಾತು ಕಾಣ್ತು. ಆನು ಇನ್ನೊಂದರಲ್ಲಿ ಮತ್ತೆ ಮೊದಲಿಂದ ಹೊಡಿತಿ."

"ಮೊದಲಿಂದನಾ! ಹೆಸರಿನ ಸಾಲು ಸರಿ ಮಾಡಲೇ ಯಂಗಕ್ಕೆ ಮೂರು ದಿನ ಬೇಕಾತು. ಒಂದು ಹೆಸರು ಆಚೀಚೆ ಆದ್ರೆ ಸಣ್ಣಜ್ಜ ಮದುವೆ ಊಟಕ್ಕೇ ಬತ್ನಿಲ್ಲೆ!"

ಮಧುಕೇಶ್ವರಣ್ಣ ಮೆಟ್ಟಿಲು ಹತ್ತಿ ಬಂದರು. ಯಾಸ್ಮೀನ್ ಹಳೆಯ ಕಂಪ್ಯೂಟರಿನಿಂದ ತಿರುಗಿ ಹೇಳಿದಳು, "ಸರ್, ಲಿನಕ್ಸ್ ಏಳ್ತದೆ. ಅದರಿಂದ ಡಿ ಡ್ರೈವ್ ತೆಗೀಬಹುದು."

"ಅದ್ರಲ್ಲಿ ಡಿ ಡ್ರೈವ್ ಇಲ್ಲ," ಎಂದೆ. "ನಾನು ನೋಡಿದ್ದೇನೆ."

"ಇರ್ತದೆ ಅಕ್ಕ. ನಾವು ಮೌಂಟ್ ಮಾಡಲಿಲ್ಲ ಅಷ್ಟೇ. ಡಿಸ್ಕಿನ ಎಷ್ಟನೇ ಭಾಗ ಅಂತ ಅಂಕಿ ಬರೆದು ಜೋಡಿಸಿದ್ರೆ ಕಾಣ್ತದೆ."

"ನನ್ನ ಫೋಲ್ಡರಿಗೆ ಪಾಸ್‌ವರ್ಡ್ ಇದೆ."

"ಅದು ವಿಂಡೋಸಿನ ಬೀಗ. ಲಿನಕ್ಸ್ ಕೇಳೂದಿಲ್ಲ."

ಅವಳು ಅದನ್ನು ಸೊಕ್ಕಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಬಸ್ಸಿನ ಟೈಮು ಹೇಳುವವಳಂತೆ ಹೇಳಿದಳು. "ಹಾಗೆಲ್ಲ ಮಾಡಿದ್ರೆ ಇದ್ದದ್ದೂ ಹೋಗ್ತದೆ," ಎಂದೆ.

"ಹೋಗೂದಿಲ್ಲ. ಇದರಿಂದ ಓದ್ಲಿಕ್ಕೆ ಮಾತ್ರ ಆಗೂದು, ಬರೀಲಿಕ್ಕೆ ಆಗೂದಿಲ್ಲ. ಫ್ಲಾಪಿಗೆ ಕಾಪಿ ಮಾಡಿ ಈ ಹಳೇದರಲ್ಲಿ ಪ್ರಿಂಟ್ ಕೊಡುವಾ."

"ಏಳು ಮಾರಾಯ್ತಿ, ಅವಳಿಗೆ ಕುರ್ಚಿ ಬಿಡು," ಎಂದರು ಮಧುಕೇಶ್ವರಣ್ಣ.

ಎದ್ದೆ. ಅವಳು ಕೂತಳು. ಲಿನಕ್ಸ್ ಹಚ್ಚಿ, ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಬರೆದಳು. ನಡುವೆ ಆ ಭಾಗದ ಅಂಕಿ ಬಂತು, ನನ್ನ ಕಣ್ಣಿಗೆ ಸಿಗುವಷ್ಟು ನಿಧಾನವಾಗಿ ಅಲ್ಲ. ಮರುಕ್ಷಣ ನನ್ನ ಆರು ವರ್ಷ ಅವಳ ಪರದೆಯ ಮೇಲಿತ್ತು. ಎಲ್ಲ ಮನೆಗಳೂ ಸಾಲಾಗಿ. ನಾನು ಪಾಸ್‌ವರ್ಡ್ ಕೊಟ್ಟು ಕಾಯುವಾಗ ಇಷ್ಟು ಬೇಗ ಅವು ಎಂದೂ ತೆರೆದುಕೊಂಡಿರಲಿಲ್ಲ.

"ಹೆಗಡೇರದ್ದು ಯಾವ ಹೆಸರಲ್ಲಿದೆ ಅಕ್ಕ?"

"ಕೆಳಗಿನಮನೆ."

ಬಾಣದ ಗುರುತು ಕೆಳಗಿಳಿಯುತ್ತ ಬಂತು. ಉಮ್ಮಚಗಿಯ ಫೈಲಿನ ಮೇಲೆ ನಿಂತಿತು. ಫೈಲಿನ ಹೆಸರನ್ನೂ ನಾನು ಬದಲಿಸಿರಲಿಲ್ಲ. ಅವಳ ಕುತ್ತಿಗೆಯ ಹಿಂಭಾಗವಷ್ಟೇ ನನಗೆ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಮಧುಕೇಶ್ವರಣ್ಣ ಬಗ್ಗಿ ಓದಿದರು. "ಇದು ಆ ತಾಳಮದ್ದಲೆಯದ್ದಲ್ಲನಾ? ನೀ ಕಳ್ಕೊಂಡದ್ದು? ಇಲ್ಲಿಗೆ ಹ್ಯಾಗೆ ಬಂತು?"

ಯಾಸ್ಮೀನ್ ಪರದೆ ನೋಡುತ್ತಲೇ ಹೇಳಿದಳು, "ವೈರಸ್ ಇದ್ರೆ ಫೈಲು ಆಚೀಚೆ ಆಗ್ತದೆ ಸರ್, ಕೆಲವು ಸಲ."

ಅವರು ತಲೆಯಾಡಿಸಿದರು. ಕಂಪ್ಯೂಟರಿನ ಬಗ್ಗೆ ಅವಳು ಹೇಳಿದ್ದನ್ನು ಅವರು ನಂಬುತ್ತಿದ್ದರು, ಅಲ್ಲಿಗೆ ಮುಗಿದುಹೋಗುತ್ತಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಇನ್ನು ಮೇಲೆ ದಿನಾ ಬೆಳಿಗ್ಗೆ ಅವಳು "ಅಕ್ಕ" ಎಂದಾಗ ಈ ಸುಳ್ಳೂ ಜೊತೆಗೆ ಕೇಳಿಸುತ್ತದೆ ಎಂದು ಹೊಳೆಯಿತು. ಕುರ್ಚಿ ಅವಳದ್ದು, ಪೆಂಗ್ವಿನ್ ಅವಳದ್ದು, ಈಗ ದೊಡ್ಡತನವೂ ಅವಳದ್ದೇ. ಅದೊಂದನ್ನು ಅವಳಿಗೆ ಬಿಟ್ಟುಕೊಡಲಾರೆ.

"ವೈರಸ್ ಅಲ್ಲ," ಎಂದೆ. "ನಾನೇ ತೆಗೆದಿಟ್ಟದ್ದು."

ಹೆಗಡೇರು ಎಲೆಯಡಿಕೆಯ ಕವಳದ ಸಂಚಿಯ ಮೇಲೆ ಕೈಯಿಟ್ಟವರು ಹಾಗೇ ಉಳಿದರು. ಮಧುಕೇಶ್ವರಣ್ಣ ನನ್ನನ್ನು ನೋಡಿದರು, ಬೈಯಲಿಲ್ಲ. "ಮೊದ್ಲು ಹೆಗಡೇರ ಕೆಲ್ಸ ಮುಗೀಲಿ," ಎಂದರು. ಮೆಟ್ಟಿಲ ಹತ್ತಿರ ಹೋಗಿ, ಬೆನ್ನು ತಿರುಗಿಸಿಯೇ, "ನಾಳೆಯಿಂದ ಹೊಸ ಕಂಪ್ಯೂಟರಿಗೆ ಯಾಸ್ಮೀನ್ ಕೂತ್ಕೊಳ್ಳಲಿ. ನೀ ಹಳೇದಕ್ಕೆ," ಎಂದು ಇಳಿದುಹೋದರು.

ಫೈಲು ಕಾಪಿ ಮಾಡಿ ಫ್ಲಾಪಿ ಕೊಡುವಾಗ ಯಾಸ್ಮೀನ್ ನನ್ನ ಮುಖ ನೋಡಲಿಲ್ಲ. ನಾನು ಹಳೆಯ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದೆ. ಸಣ್ಣಜ್ಜನ ಹೆಸರು ಅದರ ಜಾಗದಲ್ಲೇ ಇತ್ತು. ಹೆಗಡೇರು ಕಾಗದ ಹಿಡಿದು ಕೆಳಗೆ ಹೋಗುವಾಗ ಊಟದ ಹೊತ್ತಾಗಿತ್ತು.

"ಆ ಸಾಲು ಇನ್ನೊಂದ್ಸಲ ಬರೆದು ತೋರ್ಸು," ಎಂದೆ. ನನ್ನ ದನಿ ಕೇಳಿ ನನಗೇ ನಾಚಿಕೆಯಾಯಿತು.

ಈಗ ಅವಳು ನೋಡಿದಳು. ಕಣ್ಣು ಕೆಂಪಾಗಿತ್ತು. "ಸರ್ ಬೈದ ದಿನ ಮನೆಗೆ ಹೋಗಿ, ಕೆಲ್ಸ ಬಿಡ್ತೇನೆ ಅಂತ ಅಬ್ಬಾಗೆ ಹೇಳಿದ್ದೆ ನಾನು. ಗೊತ್ತುಂಟಾ ನಿಮಗೆ? ತೋರ್ಸೂದಿಲ್ಲ ಹೋಗಿ." ಜೋಡಿಸಿದ್ದ ಡ್ರೈವನ್ನು ಬಿಡಿಸಿ, ಕಿಟಕಿ ಮುಚ್ಚಿ, ಟಿಫಿನ್ ಡಬ್ಬಿ ತೆಗೆದುಕೊಂಡು ಹಿಂದಿನ ಕೋಣೆಗೆ ನಡೆದಳು.

ನಾನು ಹೊಸ ಕಂಪ್ಯೂಟರಿನ ಮುಂದೆ ಕೂತೆ. ಮತ್ತೆ ಡಿ ಡ್ರೈವ್ ಎಲ್ಲಿಯೂ ಇರಲಿಲ್ಲ. ಕಪ್ಪು ಕಿಟಕಿ ತೆರೆದು, ಕೀಬೋರ್ಡ್ ನೋಡುತ್ತ, ನೆನಪಿದ್ದಷ್ಟನ್ನು ಒಂದೊಂದೇ ಅಕ್ಷರ ಬರೆದೆ. ಅಂಕಿಯ ಹತ್ತಿರ ಬಂದಾಗ ಬೆರಳು ನಿಂತಿತು. ಐದೋ ಆರೋ. ಒಳಗೆ ಅವಳು ಡಬ್ಬಿಯ ಮುಚ್ಚಳ ತೆಗೆಯುವುದು ಕೇಳಿಸಿತು. ಊಟ ಮುಗಿಸಿ ಬರಲು ಹತ್ತು ನಿಮಿಷ ಬೇಕು; ಅಷ್ಟರೊಳಗೆ ನಾನೇ ತೆರೆಯಬೇಕು.

ಆರು ಒತ್ತಿ ನೋಡಿದೆ.