ಕಾಲಿಲ್ಲದ ಎರಡು ಉಂಗುರ

ಹುಡುಗಿ ಜಾಡಿಯ ಮುಚ್ಚಳ ತಿರುಗಿಸಿ ನೋಡಿದಳು. ಸ್ಪಿರಿಟ್ಟು ಎರಡು ಬೆರಳಷ್ಟು ಇಳಿದಿತ್ತು. ಅಂಚಿನವರೆಗೆ ತುಂಬಿ, ಮುಚ್ಚಳ ಬಿಗಿದು, ಗಾಜು ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಮುಂದಿನದಕ್ಕೆ ಕೈ ಹಾಕಿದಳು. ಆ ಸಾಲಿನಲ್ಲಿ ಇನ್ನೂ ನಲವತ್ತು ಜಾಡಿಗಳಿದ್ದವು. ಒಂದೊಂದರಲ್ಲೂ ಒಂದು ಸಮುದ್ರದ ಬಿರುಗೂದಲ ಹುಳು, ಜೊತೆಗೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ. ಪೆನ್ನಿನ ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕದಡಿಹೋಗುತ್ತದೆ. ಕೋಣೆಯ ಇನ್ನೊಂದು ತುದಿಯಲ್ಲಿ ಚಿಕ್ಕಮ್ಮ ನೆಲ ಒರೆಸುತ್ತಿದ್ದಳು.

ಏಳನೇ ತರಗತಿಗೇ ಶಾಲೆ ಬಿಟ್ಟಿದ್ದ ಅವಳನ್ನು ಕಡಲ ಜೀವಿಗಳ ಈ ಸಂಗ್ರಹಾಲಯದ ಕೆಲಸಕ್ಕೆ ಸೇರಿಸಿದ್ದು ಚಿಕ್ಕಮ್ಮನೇ. ಯಾರಾದರೂ ಎದುರಿಗೆ ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುವ ಹುಡುಗಿ. ಅಂಥವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದವಳು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಈ ಹುಳುಗಳ ಮೇಲೆ ಸಂಶೋಧನೆ ಮಾಡಲು ಬಂದು ಒಂದೂವರೆ ವರ್ಷ ಇದ್ದವಳು. ಹುಡುಗಿಯ ಸಣಕಲು ಮೈ ನೋಡಿ, ದ್ರವ ಹೀರುವ ಗಾಜಿನ ಕೊಳವೆಯ ಹೆಸರನ್ನೇ ಮೊದಲ ದಿನ ಅವಳಿಗೆ ಇಟ್ಟಿದ್ದಳು.

"ಬಾರೇ ಪಿಪೆಟ್ಟು, ಇಲ್ಲಿ ಕಣ್ಣಿಡು. ಏನ್ ಕಾಣುತ್ತೆ?"

"ಬಾಚಣಿಗೆ."

"ಅದು ಕಿವಿರು ಕಣೇ. ಇದು ಬಾಚಣಿಗೆಯಿಂದ್ಲೇ ಉಸಿರಾಡೋದು. ನೀನಂತೂ ತಲೇನೇ ಬಾಚಲ್ಲ, ಹೇಗೆ ಬದುಕಿದ್ದೀಯೋ."

ಹೀಗೆ ನಗುತ್ತ ನಗುತ್ತಲೇ ಕಲಿತಳು. ತಲೆಯ ಮೇಲೆ ಐದು ಮೀಸೆ, ಬಾಯೊಳಗೆ ಕಪ್ಪು ದವಡೆ, ಮೈತುಂಬ ಉಂಗುರ. ತಲೆಗೆ ಹತ್ತಿಕೊಂಡ ಎರಡು ಉಂಗುರ ಬಿಟ್ಟರೆ ಉಳಿದವಕ್ಕೆಲ್ಲ ಒಂದೊಂದು ಜೊತೆ ಕಾಲು. ಕಾಲಿನಲ್ಲಿ ಚಿನ್ನದ ಎಳೆಯಂಥ ಬಿರುಗೂದಲು, ಅದರ ನಡುವೆ ಎರಡು ಹಲ್ಲಿನ ಕೊಕ್ಕೆ. ಮೇಲುನೋಟಕ್ಕೆ ಒಂದೇ ಥರ ಕಾಣುವ ಹುಳುಗಳನ್ನು ಬೇರೆ ಬೇರೆ ಜಾತಿ ಎಂದು ವಿಂಗಡಿಸುವುದು ಇಂಥ ಪುಟ್ಟ ಗುರುತುಗಳಿಂದಲೇ.

ಹೊರಡುವ ಮುಂಚೆ ಅಕ್ಕ ಒಂದು ಹುಳು ತೋರಿಸಿದ್ದಳು. ಮಿಕ್ಕಿದ್ದೆಲ್ಲ ಹಳೆಯ ಪುಸ್ತಕದಲ್ಲಿರುವ ಒಂದು ಜಾತಿಯಂತೆಯೇ ಇತ್ತು. ಆದರೆ ಪುಸ್ತಕದ ಪ್ರಕಾರ ಕಿವಿರು ಶುರುವಾಗಬೇಕಾದದ್ದು ಆರನೇ ಉಂಗುರದಿಂದ, ಇದರಲ್ಲಿ ಎಂಟನೆಯದರಿಂದ.

"ಇದು ಹೊಸ ಜಾತೀನೇ. ದೊಡ್ಡ ಸಾರ್ ಒಪ್ಪಿದ್ರೆ ವಾಪಸ್ ಬರ್ತೀನಿ. ಮೂರು ತಿಂಗಳಾದ್ರೂ ಇಲ್ಲೇ ಕೂತು ಬರೀಬೇಕಾಗುತ್ತೆ. ನೀನು ಎಣಿಸು, ನಾನು ಬರ್ಕೋತೀನಿ."

ಅದಾಗಿ ಹತ್ತು ತಿಂಗಳು. ಅಕ್ಕ ಕೂರುತ್ತಿದ್ದ ಸ್ಟೂಲನ್ನು ಯಾರಾದರೂ ಎಳೆದುಕೊಂಡು ಹೋದರೆ ಹುಡುಗಿ ಸಂಜೆ ಅದನ್ನು ಮತ್ತೆ ಅಲ್ಲೇ ತಂದಿಡುತ್ತಿದ್ದಳು. ಪಡಸಾಲೆಯಲ್ಲಿ ಚಪ್ಪಲಿ ಸದ್ದಾದರೆ ಜಾಡಿ ಹಿಡಿದ ಕೈ ನಿಲ್ಲುತ್ತಿತ್ತು.

ಆ ದಿನ ಹನ್ನೊಂದರ ಹೊತ್ತಿಗೆ ಸಂಗ್ರಹಾಲಯದ ಮುಖ್ಯಸ್ಥರಾದ ದೊಡ್ಡ ಸಾರ್ ಬಾಗಿಲಲ್ಲಿ ತಲೆ ಹಾಕಿದರು.

"ನಿಮ್ಮಕ್ಕ ಸೋಮವಾರ ಬರ್ತಾಳೆ ನೋಡಮ್ಮ, ಒಪ್ಪಿಗೆ ಕೊಟ್ಟಿದ್ದೀನಿ. ಆ ಹುಳ, ಹಳೇ ಪುಸ್ತಕ ಎರಡೂ ತೆಗೆದು ಮೇಜಿನ ಮೇಲಿಡು."

ಅವರು ಹೋದದ್ದೇ ತಡ, ಚಿಕ್ಕಮ್ಮ ಒರೆಸುವ ಕೋಲಿಗೆ ಗಲ್ಲ ಊರಿ ನಿಂತಳು. "ಈಗ ಹಲ್ಲು ಕಾಣಿಸ್ತು. ಮದುವೆ ಗೊತ್ತಾಗಿದ್ರೂ ಇಷ್ಟು ನಗ್ತಿರ್ಲಿಲ್ಲ ನೀನು."

"ಹೋಗು ಚಿಕ್ಕಮ್ಮ."

ಪುಸ್ತಕ ಬೀರುವಿನ ತಳದಲ್ಲಿತ್ತು. ಅಕ್ಕ ಅದನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಅವಳು ಓದಿದ್ದು ಯಾರೋ ಬೆರಳಚ್ಚು ಮಾಡಿಟ್ಟ, ಚಿತ್ರಗಳಿಲ್ಲದ ಪ್ರತಿಯನ್ನು. ಮೂಲದ ಕೊನೆಯಲ್ಲಿ ಒಂದು ದೊಡ್ಡ ಹಾಳೆಯನ್ನು ಮಡಚಿ ಅಂಟಿಸಿದ್ದರು. ಪುಸ್ತಕದ ಭಾಷೆ ಹುಡುಗಿಗೆ ಬಾರದು. ಹಾಗಾಗಿ ಚಿತ್ರ ನೋಡೋಣವೆಂದು ಹಾಳೆ ಬಿಚ್ಚಿದಳು.

ಹುಳುವಿನ ಪಕ್ಕದಲ್ಲಿ ಇರುವೆ ಸಾಲಿನಂತೆ ಅಂಕಿಗಳಿದ್ದವು. ಒಂದು ಎಂಬ ಅಂಕಿ ತಲೆಯ ಹಿಂದಿನ ಉಂಗುರಕ್ಕೆ ಇರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ಬರೆದ ಮಹಾನುಭಾವ ಕಾಲಿಲ್ಲದ ಎರಡನ್ನು ಲೆಕ್ಕಕ್ಕೇ ಹಿಡಿಯದೆ, ಕಾಲಿರುವ ಮೊದಲನೆಯ ಉಂಗುರದಿಂದ ಎಣಿಸಿದ್ದ. ಅಕ್ಕ ತಲೆಯ ಹಿಂದಿನಿಂದಲೇ ಎಣಿಸಿದ್ದಳು.

ಹುಳುವನ್ನು ತಟ್ಟೆಗಿಳಿಸಿ, ಕಣ್ಣಿಟ್ಟು, ಸೂಜಿಯ ಮೊನೆಯಿಂದ ಒಂದೊಂದೇ ಉಂಗುರ ಮುಟ್ಟುತ್ತ ಚಿತ್ರದಲ್ಲಿದ್ದ ಹಾಗೆ ಎಣಿಸಿದಳು. ಕಿವಿರಿನ ಮೊದಲ ಎಳೆ ಸಿಕ್ಕಿದ್ದು ಆರಕ್ಕೆ. ಮತ್ತೆ ಎಣಿಸಿದಳು. ಮತ್ತೂ ಒಮ್ಮೆ. ಆರೇ. ಇದು ಆ ಹಳೆಯ ಹುಳುವೇ. ಬರೆಯುವುದಕ್ಕೆ ಹೊಸದೇನೂ ಇಲ್ಲ. ಅಂದ ಮೇಲೆ ಅಕ್ಕ ಬರುವುದಕ್ಕೂ ಕಾರಣವಿಲ್ಲ.

ಹಾಳೆಯನ್ನು ಇದ್ದ ಗೆರೆಗೇ ಮಡಚಿದಳು. ಪುಸ್ತಕದ ಮೇಲೆ ಅಂಗೈ ಊರಿ ಕೂತಳು. ಮೂರು ತಿಂಗಳು. ಬೆಳಿಗ್ಗೆ ಬಂದ ಕೂಡಲೇ "ಪಿಪೆಟ್ಟು" ಎಂಬ ಕೂಗು.

ಬಕೆಟ್ಟು ಹಿಡಿದು ಬಂದ ಚಿಕ್ಕಮ್ಮ ಮುಖ ನೋಡಿದಳು. "ಈಗ ತಾನೇ ಅರಳಿತ್ತು, ಇಷ್ಟು ಬೇಗ ಬಾಡ್ತಾ?"

ಹುಡುಗಿ ಎಲ್ಲ ಹೇಳಿದಳು.

"ಬಾಯ್ಮುಚ್ಕೊಂಡಿರು. ನಿನ್ನ ಯಾರಾದ್ರೂ ಕೇಳಿದ್ರಾ? ಅವಳು ಬರ್ಲಿ, ನಿನ್ನ ಕೊರಗೂ ಕಳೆಯುತ್ತೆ."

"ಅಕ್ಕ ಬರ್ದಿದ್ದು ಅಚ್ಚಾದ್ಮೇಲೆ ಇನ್ಯಾರಾದ್ರೂ ಈ ಹಾಳೆ ಬಿಚ್ಚಿದ್ರೆ?"

"ಯಾವ ಕಾಲಕ್ಕೋ ಏನೋ."

"ಬಿಚ್ಚಿದ ದಿನ ಅಕ್ಕನ್ನ ನೋಡಿ ನಗ್ತಾರೆ, ಚಿಕ್ಕಮ್ಮ."

ಚಿಕ್ಕಮ್ಮ ಬಕೆಟ್ಟು ಎತ್ತಿಕೊಂಡಳು. "ಹಾಗಾದ್ರೆ ಮಾಡು ಫೋನು," ಎಂದು ಬಾಗಿಲು ಎಳೆದುಕೊಂಡು ಹೋದಳು.

ಹುಡುಗಿ ಅಕ್ಕನಿಗೆ ಫೋನು ಮಾಡಿ, ಮೆಲ್ಲಗೆ, ತಡವರಿಸುತ್ತ ಹೇಳಿ ಮುಗಿಸಿದಳು. ಅಕ್ಕ ಮತ್ತೆ ಕೇಳಿದಳು.

"ಒಂದು ಅಂತ ಎಲ್ಲಿ ಹಾಕಿದ್ದಾನೆ ಅಂದೆ?"

"ಕಾಲಿರೋ ಮೊದಲ್ನೇದಕ್ಕೆ."

"ನೀನೇ ಎಣಿಸಿದ್ಯಾ?"

"ಮೂರು ಸಲ, ಅಕ್ಕ."

ಆ ಕಡೆಯಿಂದ ನಕ್ಕಂತೆ ಕೇಳಿಸಿತು, ಆದರೆ ಅದು ನಗುವಾಗಿರಲಿಲ್ಲ. "ನಿನಗೆ ಎಣಿಸೋದು ಕಲಿಸಿದ್ದು ನಾನೇ ಅಂತ ಇಲ್ಲಿ ಎಲ್ರ ಹತ್ರ ಕೊಚ್ಕೊಂಡಿದ್ದೆ. ಮಾನ ಉಳಿಸಿದೆ ಕಣೇ. ಸಾರ್‌ಗೆ ನಾನೇ ಹೇಳ್ತೀನಿ. ಒಂದ್ನಿಮಿಷ ಇರು, ಯಾರೋ ಕರೀತಿದ್ದಾರೆ."

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಯಾರೋ ಕುರ್ಚಿ ಎಳೆದರು, ಏನೋ ಕೇಳಿದರು. "ಇಲ್ಲ, ಸೋಮವಾರ ಇಲ್ಲೇ ಇರ್ತೀನಿ," ಎಂದು ಅಕ್ಕ ದೂರದಿಂದ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವಳ ಹೆಜ್ಜೆಗಳು ಇನ್ನೂ ದೂರ ಹೋದವು.

ಹುಡುಗಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಬರೆಯೋದೇನೂ ಇಲ್ದಿದ್ರೂ ಒಂದ್ಸಲ ಬನ್ನಿ, ಅಕ್ಕ," ಎಂದಳು.