ಅವಳ ಕಿಟಕಿಯೆದುರು ಇಳಿದ ಮೆಟ್ಟಿಲು

ಇರುಳ ಮಂಜು ಕಂಬಿಗಳ ಮೇಲಿಂದ ಇನ್ನೂ ಆರದಿರುವಾಗಲೇ, ಮೂಡಣದ ಹೊಂಬೆಳಕು ಆ ಉಕ್ಕಿನ ಗೆರೆಗಳ ಗುಂಟ ಜೇನಿನಂತೆ ಮೆಲ್ಲಮೆಲ್ಲನೆ ಹರಿದು ಬರುವ ಹೊತ್ತಿನಲ್ಲಿ, ನಗರದಂಚಿನ ಆ ಪುಟ್ಟ ನಿಲ್ದಾಣವನ್ನು ನೋಡಬೇಕು, ಸಹೃದಯರೇ! ಮೊದಲು ಅಲ್ಲಿದ್ದುದು ಒಂದು ಮಣ್ಣಿನ ದಿಬ್ಬ, ಒಂದು ತಗಡಿನ ಮಾಡು, ಗಾಡಿಗಳು ಕಂಬಿ ದಾಟಲು ಒಂದು ಗೇಟು. ಬಳಿಕ ಬಟ್ಟೆಯ ಗಿರಣಿ ಬಂತು. ಗಿರಣಿಯ ಬೆನ್ನಿಗೆ ಮನೆಗಳು, ಮನೆಗಳ ಬೆನ್ನಿಗೆ ಜನಸಾಗರ! ದಿಬ್ಬವು ಕಲ್ಲುಚಪ್ಪಡಿಯ ಪ್ಲಾಟ್‌ಫಾರ್ಮ್ ಆಯಿತು, ಒಂದಿದ್ದದ್ದು ಎರಡಾಯಿತು, ಹಬೆಯ ನಿಟ್ಟುಸಿರು ಅಡಗಿ ವಿದ್ಯುತ್ತಂತಿಗಳು ಗುಂಯ್‌ಗುಟ್ಟಿದವು. ಬದಲಾಗದೆ ಉಳಿದವನು ಗೇಟು ಕಾಯುವವನೊಬ್ಬನೇ... ಊರು ಅವನ ಹೆಸರನ್ನೇ ಮರೆತು 'ಗೇಟಪ್ಪ' ಎನ್ನುತ್ತಿತ್ತು. ಗೇಟಿನ ಪಕ್ಕದ ಒಂದೂವರೆ ಕೋಣೆಯ ಮನೆಯಲ್ಲಿ ಅವನು ಹೆಂಡತಿಯನ್ನು ಕಳೆದುಕೊಂಡಿದ್ದ, ಮಗಳನ್ನು ಬೆಳೆಸಿದ್ದ.

"ಎಂಥಾ ದೊಡ್ಡ ಮನುಷ್ಯನ ಕಾರಾದ್ರೂ ನಾನು ಕೈ ಎತ್ತಿದ್ರೆ ನಿಲ್ಲಬೇಕು ಕಣಮ್ಮ!"

"ಹೌದಪ್ಪ, ಎಮ್ಮೆ ಮಾತ್ರ ನಿಲ್ಲಲ್ಲ," ಎಂದು ಮಗಳು ನಗುವಳು.

ಆ ಮಗಳೇ ಟಿಕೆಟ್ ಕಿಟಕಿಯ ಹಿಂದಿನ ಗುಮಾಸ್ತೆ. ಸೇತುವೆಗಳ ನಕ್ಷೆ ಬರೆಯುವ ಕಚೇರಿಯೊಂದರ ನಕ್ಷೆಗಾರ ದಿನವೂ ಅವಳೆದುರು ನಿಂತು ಟಿಕೆಟ್ ಕೊಳ್ಳುವನು. "ತಿಂಗಳ ಪಾಸ್ ಮಾಡಿಸ್ಕೊಳ್ಳೋ ಮಾರಾಯ, ನಮ್ಮ ರೈಲು ತಪ್ಪುತ್ತೆ!" ಎಂದು ಸಾಲಿನಲ್ಲಿದ್ದವರು ಗೊಣಗಿದರೂ ಅವನಿಗೆ ಕಿವಿಯಿಲ್ಲ. ಗಾಜಿನ ಅರ್ಧಚಂದ್ರದ ಕಿಂಡಿಯಲ್ಲಿ ಬೆರಳು ಬೆರಳನ್ನು ಸೋಕುವ ಆ ಒಂದು ಕ್ಷಣಕ್ಕಾಗಿ ಅವನ ಇಡೀ ದಿನವು ಮುಗಿಲನ್ನು ಕಾಯುವ ನೆಲದಂತೆ ಕಾದಿರುತ್ತಿತ್ತು... ಕೊನೆಗೊಂದು ಸಂಜೆ ಅವಳೇ ತಗ್ಗಿದ ಕಣ್ಣುಗಳಿಂದ, "ಒಂದಿನ ಮನೆಗೆ ಬನ್ನಿ. ಅಪ್ಪನ್ನ ಕೇಳಿ," ಎಂದಳು. ಮನೆ ಎಲ್ಲಿ, ಅಪ್ಪ ಯಾರು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಿಟಕಿಯ ಪ್ರೇಮಕ್ಕೆ ಅಷ್ಟು ಪುರಸೊತ್ತೆಲ್ಲಿ!

ಬರಿಗೈಯಲ್ಲಿ ಹೋಗಬಾರದೆನಿಸಿತು ಅವನಿಗೆ. ಆ ದಿನಗಳಲ್ಲೇ, ಗೇಟಿನ ಬದಲಿಗೆ, ನಿಲ್ದಾಣಕ್ಕೊಂದು ಮೇಲುಸೇತುವೆಯನ್ನು ಬರೆಯುವ ಕೆಲಸ ಅವನ ಮೇಜಿಗೆ ಬಂದಿತ್ತು. ಮೊದಲ ನಕ್ಷೆಯಲ್ಲಿ ಮೆಟ್ಟಿಲು ದೂರದ ಪಾಳುಜಾಗಕ್ಕೆ ಇಳಿಯುತ್ತಿತ್ತು. ಅವನು ಅದನ್ನು ಸರಿಸಿ, ಸರಿಸಿ, ಅವಳ ಕಿಟಕಿಯೆದುರಿಗೇ ತಂದು ನಿಲ್ಲಿಸಿದ. ದಿನವೂ ತಾನು ಇಳಿದು ಬರುವುದನ್ನು ಅವಳು ಕಾಣಲೆಂದು! ನಕ್ಷೆಯಲ್ಲಿ ಅದರ ಹಾದಿಗೆ ಅಡ್ಡವಾಗಿ ಉಗುರಿನಷ್ಟಗಲದ ಚೌಕವೊಂದಿತ್ತು. ಗೇಟಿನವನು ಬಾವುಟವಿಡುವ ಗೂಡಿರಬೇಕೆಂದುಕೊಂಡು, ಕೆಡವಬೇಕಾದುದಕ್ಕೆ ಆ ಕಸುಬಿನವರು ಎಳೆಯುವ ಓರೆಗೆರೆಗಳನ್ನು, ಹಾಡೊಂದನ್ನು ಗುನುಗುತ್ತ, ಅದರ ಮೇಲೆಳೆದ.

ಗೇಟು ಶಾಶ್ವತವಾಗಿ ಮುಚ್ಚಿತು. ಮನೆ ಬಿತ್ತು. ಕೆಂಪು ಧೂಳು ಕಿಟಕಿಯ ಗಾಜಿಗೆ ಮೆತ್ತಿತು. ಮೆಟ್ಟಿಲು ಎದ್ದು ನಿಂತ ದಿನ ನಕ್ಷೆಗಾರ ಕಿಂಡಿಯತ್ತ ಬಗ್ಗಿದ.

"ನೋಡಿದ್ರಾ? ಮೆಟ್ಟಿಲು ನಿಮ್ಮೆದುರಿಗೇ ಇಳಿಯುತ್ತೆ. ನಾನೇ ಸರಿಸಿದ್ದು, ನಿಮಗೋಸ್ಕರ!"

ಅವಳು ಧೂಳು ಮೆತ್ತಿದ ಗಾಜಿನಾಚೆಗೆ ಬೆರಳು ತೋರಿದಳು. "ಅಲ್ಲಿದ್ದದ್ದು ನಮ್ಮ ಮನೆ."

"ಅಯ್ಯೋ... ನಾನು ಗೂಡು ಅಂದ್ಕೊಂಡೆ."

"ಅಮ್ಮ ಕಣ್ಣು ಮುಚ್ಚಿದ್ದು ಆ ಗೂಡಲ್ಲೇ. ನನ್ನನ್ನೊಂದು ಮಾತು ಕೇಳಿದ್ದಿದ್ರೆ ಏನಾಗ್ತಿತ್ತು ನಿಮಗೆ?"

"ಗೊತ್ತಿಲ್ದೆ ಆಗೋಯ್ತು. ನಿಮ್ಮ ಅಪ್ಪನ ಕಾಲು ಹಿಡೀತೀನಿ."

"ಬೇಡ. ಅವರ ಕೈಗೆ ಪೊರಕೆ ಕೊಟ್ಟಿದ್ದಾರೆ, ನಿಮ್ಮ ಮೆಟ್ಟಿಲು ಗುಡಿಸೋಕೆ. ಇದು ನೀವು ಮಾಡಿದ್ದು ಅಂತ ಅವರಿಗೆ ಗೊತ್ತಾಗೋದೂ ಬೇಡ." ಟಿಕೆಟನ್ನು ಕಿಂಡಿಯಾಚೆಗೆ ದೂಡಿ, ಬೆರಳನ್ನು ಹಿಂದಕ್ಕೆಳೆದುಕೊಂಡಳು. "ನಾಳೆಯಿಂದ ಪಾಸ್ ಮಾಡಿಸ್ಕೊಳ್ಳಿ. ಹಿಂದಿನವರಿಗೆ ದಾರಿ ಬಿಡಿ."

ಅವನು ಪಾಸು ಮಾಡಿಸಿಕೊಂಡ. ಆದರೆ ಮನೆಗೆ ಮರಳಲು ಬೇರೆ ದಾರಿಯೆಲ್ಲಿ! ಸಂಜೆ ಸಂಜೆಯೂ ಆ ಮೆಟ್ಟಿಲನ್ನೇ ಇಳಿಯಬೇಕು. ಇಳಿಯುವವರ ಕಣ್ಣು ಆ ಕಿಟಕಿಗಲ್ಲದೆ ಬೇರೆಲ್ಲಿಗೂ ಹೋಗದಂತೆ ಅಷ್ಟು ನಿಖರವಾಗಿ ಬರೆದವನು ತಾನೇ! ಅವಳು ಮಾತ್ರ ತಲೆಯೆತ್ತುವುದಿಲ್ಲ... ಮಳೆ ಹಿಡಿದ ಒಂದು ಸಂಜೆ ನೀರು ಗುಡಿಸುತ್ತಿದ್ದ ಗೇಟಪ್ಪ ಅವನನ್ನು ನೋಡಿ ಪೊರಕೆಯನ್ನು ಬದಿಗೆ ಸರಿಸಿದ.

"ಮೆಲ್ಲಗೆ ಸ್ವಾಮಿ, ಜಾರುತ್ತೆ. ಯಾವ ಪುಣ್ಯಾತ್ಮ ಬರೆದ್ನೋ ಇದನ್ನ! ಪಾಪ, ಅವನಿಗೆ ಮನೆ ಅಂತ ಒಂದು ಇದ್ದಂಗಿಲ್ಲ."

ಅವನು ಮೆಟ್ಟಿಲ ಬದಿಯ ಕಂಬಿಯನ್ನು ಬಿಗಿಯಾಗಿ ಹಿಡಿದು ಇಳಿದುಹೋದ.

ಒಲವು ಕೊಡಲು ಎಷ್ಟು ಆತುರಪಡುತ್ತದೆ, ಸಹೃದಯರೇ! ಮುಗಿಲು ತುಂಬುಹೃದಯದಿಂದಲೇ ಸುರಿಯುತ್ತದೆ. ಕೆಳಗೆ ಯಾರ ಸೂರು ಸೋರುತ್ತಿದೆಯೆಂದು ಅದು ಬಗ್ಗಿ ನೋಡುವುದಿಲ್ಲ. ಆದರೆ ಮುಗಿಲಿಗೆ ಕಣ್ಣಿಲ್ಲ... ಮನುಷ್ಯನಿಗಿದೆ.