ಹಾಡಿನ ಮೊದಲಿದ್ದ ಉಸಿರು

ಮಣ್ಣು ಇವತ್ತು ಹದವಾಗಿದೆ, ಅಗೆಯುವ ಫೋರ್ಕಿನ ಹಲ್ಲು ಒತ್ತುವ ಮೊದಲೇ ಇಳಿಯುತ್ತದೆ, ಸೆಪ್ಟೆಂಬರಿನ ಕೊನೆಯ ಬಿಸಿಲು ಬೆನ್ನಿಗೆ ತಾಗಿಯೂ ತಾಗದ ಹಾಗೆ, ಒಣಗಿ ಮಲಗಿದ ಆಲೂಗೆಡ್ಡೆ ಗಿಡದ ಮೇಲೆ ರಾತ್ರಿಯ ಇಬ್ಬನಿ ಇನ್ನೂ ಆರಿಲ್ಲ, ಬುಡದಿಂದ ಒಂದು ಗೇಣು ಬಿಟ್ಟು ಚುಚ್ಚಬೇಕು, ಇಲ್ಲದಿದ್ದರೆ ಗೆಡ್ಡೆಗೇ ತೂತು, ಚಿಕ್ಕಬಳ್ಳಾಪುರದ ಹೊಲದಲ್ಲಿ ಅಪ್ಪ ಇದನ್ನು ಬಾಯಲ್ಲಿ ಹೇಳಿಕೊಟ್ಟದ್ದಲ್ಲ, ಗುದ್ದಲಿ ಹಿಡಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದದ್ದು, ಅಷ್ಟೇ, ಆ ಎಳೆತ ಇವತ್ತಿಗೂ ಮೊಣಕೈಯಲ್ಲಿದೆ — ರೀ, ಇದಕ್ಕೂ ಚುಚ್ಚಿದ್ರಿ, ಹಿಂದಿನಿಂದ ಹೇಮಲತಾ, ಮಂಡಿಯ ಕೆಳಗೆ ರಬ್ಬರು ದಿಂಬು ಹಾಕಿಕೊಂಡು ಕೂತು ಗೆಡ್ಡೆ ಆರಿಸುತ್ತಿದ್ದಾಳೆ, ಗಾಯವಾದದ್ದು ಈ ವಾರದ ಪಲ್ಯಕ್ಕೆ, ಗಟ್ಟಿಯಾದದ್ದು ಗೋಣಿಚೀಲಕ್ಕೆ, ಚಿಕ್ಕಚಿಕ್ಕವು ಲೀಡ್ಸಿನಲ್ಲಿರುವ ಮಗಳು ಹರ್ಷಿತಾಳಿಗೆ, ಅವಳ ಮಗಳು ಚಿನ್ಮಯಿ ಅವನ್ನು ಸಿಪ್ಪೆ ಸಮೇತ ತಿನ್ನುತ್ತಾಳಂತೆ — ಕಣ್ಣು ಮಂಜು ಕಣೇ, ಅನ್ನುತ್ತಾನೆ ಹಯವದನ, ಕಣ್ಣಲ್ಲ ನಿಮಗೆ ಅವಸರ, ಅನ್ನುತ್ತಾಳೆ ಅವಳು, ಆಗಲೇ, ತರಕಾರಿ ಬೆಳೆಯಲು ಕೌನ್ಸಿಲ್ಲಿನವರು ಬಾಡಿಗೆಗೆ ಕೊಡುವ ಈ ತುಂಡುಗಳಲ್ಲಿ ಪಕ್ಕದ ಪ್ಲಾಟಿನ ಬ್ರೆಂಡಾಳ ಶೆಡ್ಡಿನಿಂದ ರೇಡಿಯೋ, ಒಂದು ಪಿಯಾನೋ, ಒಂದೊಂದೇ ಕೀ ಯೋಚಿಸಿ ಯೋಚಿಸಿ ಒತ್ತುತ್ತಿರುವ ಹಾಗೆ, ಅವನಿಗೆ ಮೂರನೇ ಸ್ವರಕ್ಕೇ ಗೊತ್ತಾಗಿ ಹೋಗುತ್ತದೆ, ಅಯ್ಯೋ ಇದನ್ನು ಮತ್ತೆ ಯಾರೋ ಹಾಡಿದ್ದಾರೆ, ಇನ್ನೂ ನಿಧಾನ ಮಾಡಿದ್ದಾರೆ, ವರ್ಷ ಹೋದ ಹಾಗೆ ಈ ಹಾಡೂ ಮೆಟ್ಟಿಲ ಕಂಬಿ ಹಿಡಿದು ಇಳಿಯುವುದಕ್ಕೆ ಶುರು ಮಾಡಿದೆ, ಕೊನೆಯ ಬಸ್ಸು ಹೋಯಿತು, ನಡೆದೇ ಬರುತ್ತೇನೆ ಅನ್ನುವ ಆ ಹುಡುಗನ ಹಾಡು, ಮೊದಲಿಗೆ ಓಡೋಡಿ ಬರುತ್ತಿದ್ದ, ಈಗ ನಡೆಯಲಿಕ್ಕೂ ಮನಸ್ಸಿಲ್ಲ — ಅವನು ಹೇಮಾಳ ಕಡೆ ನೋಡುವುದಿಲ್ಲ, ನೋಡದೆ ಇರುವುದನ್ನು ನಲವತ್ತು ವರ್ಷದಿಂದ ರೂಢಿ ಮಾಡಿಕೊಂಡಿದ್ದಾನೆ, ಈ ಹಾಡು ಬಸ್ಸಲ್ಲಿ ಬಂದರೆ ಕಿಟಕಿ, ಅಂಗಡಿಯಲ್ಲಿ ಬಂದರೆ ಹಾಲಿನ ಬಾಟಲಿಯ ತಾರೀಖು, ಈಗ ಮಣ್ಣು, ಒಂದು ಗೇಣು ಬಿಟ್ಟು ಚುಚ್ಚು, ಮೀಟು, ಎತ್ತು — ಎತ್ತಿದ ಕೈ, ಅವಳ ತೊಡೆಯಿಂದ ಸ್ವಲ್ಪ ಮೇಲೆ, ತಾಳಕ್ಕೆ ಎತ್ತಿದ್ದು, ಇಳಿಯದೇ ನಿಂತದ್ದು.

ಆ ಅಡುಗೆಮನೆ ಎಷ್ಟು ಚಿಕ್ಕದಿತ್ತು, ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು ಮೂರು ಚಳಿಗಾಲವಾಗಿತ್ತು, ಸಾಲುಮನೆ, ಆ ಕಡೆಯವರು ಕೆಮ್ಮಿದರೆ ಈ ಕಡೆ ಕೇಳುವ ಗೋಡೆ, ಬೀದಿಗೆಲ್ಲ ಇಂಡಿಯಾದವರು ನಾವೊಬ್ಬರೇ, ಅವನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್, ಅವಳಿಗೆ ಆಸ್ಪತ್ರೆಯ ಕಡತದ ಕೋಣೆ, ಕೆಲಸಕ್ಕೆ ಹೋಗುವ ಮುಂಚೆ ಅವಳು ಕಿಟಕಿಯ ಕೆಳಗೆ ಚಾಪೆ ಹಾಸಿ ಶ್ರುತಿಪೆಟ್ಟಿಗೆ ಹಚ್ಚುತ್ತಿದ್ದಳು, ತಂಬೂರಿ ವಿಮಾನದಲ್ಲಿ ಹೋದರೆ ಬುರುಡೆ ಒಡೆಯುತ್ತೆ ಅಂತ ಮಾವನವರು ಬೆಂಗಳೂರಿನಲ್ಲಿ ಹುಡುಕಿ ಕೊಡಿಸಿದ ಹೊಸ ಥರದ್ದು, ಕರೆಂಟಿನದು, ಮರದ ಪೆಟ್ಟಿಗೆ, ಮುಂದೆ ಎರಡು ತಿರುಪು, ಸ್ವಲ್ಪ ಬಿಸಿಯಾದರೆ ಶ್ರುತಿ ಒಂದು ಕೂದಲೆಳೆಯಷ್ಟು ಜಾರುತ್ತಿತ್ತು, ಬಿಚ್ಚಿ ಸರಿಮಾಡಿಕೊಡ್ತೀನಿ ತಾ ಅಂದರೆ ಕೊಡುತ್ತಿರಲಿಲ್ಲ, ಅದು ಜಾರಿದ ಕಡೆ ನಾನೂ ಹೋಗ್ತೀನಿ, ನಿಮಗ್ಯಾಕೆ — ಮದುವೆಗೆ ಮುಂಚೆ ಆಕಾಶವಾಣಿಯಲ್ಲಿ ಹಾಡಿದವಳು, ರಾಮನವಮಿ ಚಪ್ಪರದಲ್ಲಿ ಹಿರಿಯರ ಕಚೇರಿಗೆ ಮೊದಲು ಅರ್ಧ ಗಂಟೆ ಕೊಟ್ಟಿದ್ದರಂತೆ, ಮುಂದಿನ ಸಾಲಿನವರು ಎದ್ದು ಕಾಫಿಗೆ ಹೋಗಲಿಲ್ಲ ಅಂತ ಅವಳಪ್ಪ ಬೀಗರ ಮನೆಯಲ್ಲಿ ಹೇಳಿದ್ದೇ ಹೇಳಿದ್ದು — ಮತ್ತು ಅವನು, ಹಯವದನ, ಷೂ ದಾರ ಕಟ್ಟುತ್ತ ದಿನಾ ಹೇಳುತ್ತಿದ್ದದ್ದು ಒಂದೇ, ಮೆಲ್ಲಗೆ ಹೇಮಾ, ಗೋಡೆ ತೆಳು, ಮೆಲ್ಲಗೆ. ಹಾಗಾಗಿ ಆ ಶನಿವಾರ ಬಾಗಿಲು ಬಡಿದಾಗ ಅಂದುಕೊಂಡ, ಬಂತು ಕಂಪ್ಲೇಂಟು, ತೆರೆದರೆ ಪಕ್ಕದ ಮನೆಯ ಕೀತ್, ಕೆಲಸವಿಲ್ಲದ ಹುಡುಗ, ಮುಂದಲೆಯ ಕೂದಲಿಗೆ ಬಿಳಿ ಬಣ್ಣ, ಕಣ್ಣಿಗೆ ಕಾಡಿಗೆ, ಕಂಕುಳಲ್ಲಿ ಟೇಪ್ ರೆಕಾರ್ಡರು, ಮಿಸ್ಟರ್ ರಾವ್, ಬೆಳಗ್ಗೆ ಗೋಡೆಯಿಂದ ಒಂದು ಗುಂಯ್ ಅನ್ನೋ ಸದ್ದು ಬರುತ್ತಲ್ಲ, ಅದೇನು, ಅದನ್ನು ಟೇಪಿಗೆ ತಗೊಳ್ಳಬಹುದಾ, ನಾನು ನನ್ನ ಗೆಳೆಯ ಸೇರಿ ಹಾಡು ಕಟ್ತಿದ್ದೀವಿ — ಬೈಯಲು ಬಂದವನಲ್ಲ! ಆ ನಿರಾಳಕ್ಕೆ ಏನು ಬೇಕಾದರೂ ಕೊಡಬಹುದಿತ್ತು, ಕೊಟ್ಟ, ಚಹಾ ಕೊಟ್ಟ, ಕೋಡುಬಳೆ ಕೊಟ್ಟ, ಒಳಗೆ ಕೂಗಿ ಹೆಂಡತಿಯನ್ನು ಕರೆದ, ಹಾಡು ಹೇಮಾ, ಕೇಳಬೇಕಂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು, ಅಡುಗೆಮನೆಯ ಕಿಟಕಿಯ ಕೆಳಗೇ ಚಾಪೆ ಹಾಸಿದಳು, ಅವಸರ ಮಾಡಲಿಲ್ಲ, ಪೆಟ್ಟಿಗೆಯ ಗುಂಯ್‌ಗೆ ಕಿವಿಕೊಟ್ಟು ಸ್ವಲ್ಪ ಹೊತ್ತು ಕೂತಳು, ರೆಕಾರ್ಡರಿನ ಕೆಂಪು ದೀಪ ಹತ್ತಿತು, ಕೈ ತೊಡೆಯಿಂದ ಮೇಲೆದ್ದಿತು, ತುಟಿ ತೆರೆಯಿತು, ಉಸಿರು ಒಳಗೆಳೆದುಕೊಂಡಳು, ಹೊಟ್ಟೆಯ ತಳದ ತನಕ ಹೋಗುವಂಥ ಉಸಿರು — ಅಷ್ಟರಲ್ಲಿ ಅವನು, ಹುಡುಗ ಎಲ್ಲಿ ಬೇಸರಪಟ್ಟುಕೊಳ್ಳುತ್ತಾನೋ, ನಗಾಡಿಕೊಂಡಾನೋ, ತಾನೇ ಮೊದಲು ನಕ್ಕು ಇಂಗ್ಲಿಷಿನಲ್ಲಿ, ದೊಡ್ಡದೇನೂ ಅಲ್ಲಪ್ಪ, ಸುಮ್ಮನೆ ಅವಳದೊಂದು ಹವ್ಯಾಸ, ಅಂದುಬಿಟ್ಟ. ಅವಳ ಬಾಯಿ ಮುಚ್ಚಿತು. ಇವತ್ತು ಗಂಟಲು ಸರಿಯಿಲ್ಲ, ಅಂದಳು ಹುಡುಗನಿಗೆ, ನಗುತ್ತಲೇ ಅಂದಳು, ಎದ್ದು ಹೋಗಿ ಅನ್ನಕ್ಕೆ ಇಟ್ಟಳು, ಅವನಿಗೆ ಆಗಲೂ ಹೊಳೆಯಲಿಲ್ಲ, ಬರಿಗೈಲಿ ಕಳಿಸಬಾರದಲ್ಲ ಅಂತ ಪೆಟ್ಟಿಗೆಯನ್ನೇ ಎತ್ತಿಕೊಟ್ಟ, ತಗೊಂಡು ಹೋಗು ಕೀತ್, ನಾಲ್ಕು ದಿನ ಇಟ್ಟುಕೋ. ಸಂಜೆ ಅವಳು ಕೇಳಿದ್ದು ಒಂದೇ ಮಾತು, ಯಾವಾಗ ತಂದುಕೊಡ್ತಾನಂತೆ. ಕೊಡ್ತಾನೆ ಬಿಡೇ, ಎಲ್ಲಿಗೆ ಹೋಗ್ತಾನೆ. ಲಂಡನ್ನಿಗೆ ಹೋದ, ಪೆಟ್ಟಿಗೆಯೂ ಹೋಯಿತು.

ಮರುವರ್ಷ ಬಾಗಿಲ ಸೀಳಿನಿಂದ ಬಿತ್ತು ರೆಕಾರ್ಡು, ಚಿಕ್ಕದು, ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ರಾವ್ ಅವರಿಗೆ ಅಂತ, ಹೇಮಾ ಡ್ಯೂಟಿಗೆ ಹೋಗಿದ್ದಳು, ಮುಳ್ಳು ಇಟ್ಟ, ಮೊದಲು ಪೆಟ್ಟಿಗೆಯ ಗುಂಯ್, ನಮ್ಮ ಅಡುಗೆಮನೆಯದೇ, ಹಿಂದೆ ನಲ್ಲಿಯ ತೊಟ್ಟು ಕೂಡ ಕೇಳುತ್ತದೆ, ಆಮೇಲೆ ಉಸಿರು, ಆಮೇಲೆ — ಅವನ ಮಾತು ಇರಬೇಕಾದ ಜಾಗದಲ್ಲಿ ಕತ್ತರಿ, ಟಪ್ ಟಪ್ ಟಪ್ ಅಂತ ಯಂತ್ರದ ಡ್ರಮ್ಮು, ಮೇಲಿಂದ ತಗಡಿನ ಕೊಳಲಿನಂಥ ಸದ್ದುಗಳು, ಕೊನೆಯ ಬಸ್ಸು, ಕುಣಿಯುವ ಹಾಡು, ಅವನು ಮುಳ್ಳನ್ನು ಎತ್ತಿ ಎತ್ತಿ ಮತ್ತೆ ಮೊದಲಿಗಿಟ್ಟ, ಎಷ್ಟು ಸಲ ಇಟ್ಟರೂ ಉಸಿರು ಹಾಡಿಗೆ ದಾಟಲಿಲ್ಲ, ರೆಕಾರ್ಡನ್ನು ಅಟ್ಟದ ಮೇಲೆ ಹಳೆಯ ಕಂಬಳಿಗಳ ಕೆಳಗೆ ತುರುಕಿದ, ಆದರೆ ಅಟ್ಟಕ್ಕೆ ಹಾಕಿದರೆ ಮುಗಿಯಿತೇ, ಆ ಬೇಸಿಗೆ ಊರಿಗೆ ಊರೇ ಅದನ್ನು ಹಾಡಿತು, ಸಂತೆಯಲ್ಲಿ, ಟ್ರಾನ್ಸಿಸ್ಟರಿನಲ್ಲಿ, ಕ್ಯಾಂಟೀನಿನಲ್ಲಿ, ಅವನು ಅವಳ ಮುಖ ನೋಡುತ್ತಿದ್ದ, ಏನೂ ಇಲ್ಲ, ಸೊಪ್ಪು ಬಿಡಿಸುತ್ತಿದ್ದಾಳೆ, ಸದ್ಯ ಗೊತ್ತಾಗಿಲ್ಲ, ಆಮೇಲೆ ನೋಡುವುದನ್ನೇ ಬಿಟ್ಟ. ಬೆಂಗಳೂರಿಗೆ ಹೋದಾಗ ಇನ್ನೊಂದು ಪೆಟ್ಟಿಗೆ ತಂದ, ಜಾರದೇ ಇರುವಂಥದ್ದು, ಚೆನ್ನಾಗಿದೆ ಅಂದಳು, ದೇವರ ಗೂಡಿನ ಪಕ್ಕ ಇಟ್ಟು ಕಸೂತಿ ಬಟ್ಟೆ ಹೊದಿಸಿದಳು, ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಹಾಲ್ ಬಾಡಿಗೆಗೆ ಹಿಡಿದು ಸೇರಿದಾಗ, ಹೇಮಾ ಆಂಟಿ ಒಂದೇ ಒಂದು ದೇವರನಾಮ, ಅಂತ ದುಂಬಾಲು ಬಿದ್ದರೆ, ಗಂಟಲು ಸರಿಯಿಲ್ಲಮ್ಮ, ಅದೇ ಗಂಟಲು, ಅದೇ ನಗು, ಯಾವ ಡಾಕ್ಟರೂ ನೋಡದ ಗಂಟಲು, ಹರ್ಷಿತಾಳನ್ನು ಮಲಗಿಸುವಾಗ ಕೂಡ ಬರೀ ತಟ್ಟುತ್ತಿದ್ದಳು, ರಾಗವಿಲ್ಲದೆ. ಆ ಹರ್ಷಿತಾಳೇ ಬೆಳೆದು, ಸ್ಕೂಲು ಮುಗಿಸುವ ವರ್ಷ, ರೂಮಿನ ಬಾಗಿಲು ಹಾಕಿಕೊಂಡು ಕುಣಿಯುತ್ತಿದ್ದಾಳೆ, ಗೋಡೆ ಅದುರುತ್ತಿದೆ, ಹಾಡು ಅದೇ, ಹೊಸ ಕಾಲಕ್ಕೆ ಯಾರೋ ಚಿಂದಿ ಮಾಡಿ ಹೊಲಿದದ್ದು, ಆ ಉಸಿರನ್ನು ಕೊಚ್ಚಿ ಕೊಚ್ಚಿ ಹ್ ಹ್ ಹ್ ಹ್ ಅಂತ ಬಿಕ್ಕಳಿಕೆಯ ಹಾಗೆ ತಾಳಕ್ಕೆ ಕೂರಿಸಿದ್ದಾರೆ, ಮಗಳು ತಾಯಿಯ ಉಸಿರಿಗೆ ಕುಣಿಯುತ್ತಿದ್ದಾಳೆ, ತಾಯಿ ಇಸ್ತ್ರಿ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಸೌಂಡು ಕಮ್ಮಿ ಮಾಡೇ, ಮಮ್, ಇಟ್ಸ್ ಎ ಕ್ಲಾಸಿಕ್, ಅವನು ಮೆಟ್ಟಿಲ ಮೇಲೆ, ಮೇಲೂ ಹತ್ತದೆ ಕೆಳಗೂ ಇಳಿಯದೆ, ಆಗ ಹೇಳಬಹುದಿತ್ತು, ನೀವಿಬ್ಬರೂ ಇಲ್ಲಿ ಬನ್ನಿ ಅಂತ ಕೂರಿಸಿಕೊಂಡು, ಆಗ ಇನ್ನೂ ಅವಳಿಗೆ ಐವತ್ತಾಗಿರಲಿಲ್ಲ, ದನಿ ಇತ್ತು — ಹೇಳಲಿಲ್ಲ. ಕಾರಿಗೆ ಸೀಡಿ ಬಂತು, ಅದೇ ಹಾಡು, ಸದ್ದು ತೊಳೆದು ಹೊಸದು ಮಾಡಿದ್ದು ಅಂತ ಮೇಲೆ ಬರೆದಿತ್ತು, ನಲ್ಲಿಯ ತೊಟ್ಟಿಲ್ಲ, ಗುಂಯ್ ಕೂಡ ಗೆರೆ ಎಳೆದ ಹಾಗೆ ನೆಟ್ಟಗೆ, ಉಸಿರಿಲ್ಲ, ಕಸ ಅಂತ ಗುಡಿಸಿಬಿಟ್ಟಿದ್ದಾರೆ, ಅವರದೇನು ತಪ್ಪು, ಎಂಜಿನಿಯರು ಅವನೂ ಅಲ್ಲವೇ, ಅವನ ಕೈಗೆ ಕೊಟ್ಟಿದ್ದರೆ ಅವನೂ ಅದನ್ನೇ ಮೊದಲು ತೆಗೆಯುತ್ತಿದ್ದ. ಮತ್ತೆ ಕ್ರಿಸ್‌ಮಸ್ಸಿನಲ್ಲಿ ಟೀವಿಯ ಸೋಫಾ ಜಾಹೀರಾತು, ಪಿಯಾನೋ, ಒಬ್ಬ ಹುಡುಗಿ ಪಿಸುಗುಟ್ಟುತ್ತಾಳೆ, ಶುರುವಿಗೆ ಒಂದು ಉಸಿರು, ಹೇಮಾಳದೇ, ಅಲ್ಲ, ಇದು ಆ ಹುಡುಗಿಯದು, ಇದರ ಬೆನ್ನಿಗೇ ಹಾಡು ಬಂದುಬಿಟ್ಟಿತು, ಎಷ್ಟು ಸಲೀಸಾಗಿ ಬಂದುಬಿಟ್ಟಿತು, ಚಿನ್ಮಯಿ ಅಡುಗೆಮನೆಗೆ ಕೇಳುವ ಹಾಗೆ, ಅಜ್ಜಿ, ತಾತ ಈಸ್ ಕ್ರೈಯಿಂಗ್ ಅಟ್ ದ ಸೋಫಾ ಆ್ಯಡ್, ಒಳಗಿಂದ ಹೇಮಾ, ರೇಟು ನೋಡಿರಬೇಕು ಕಣೇ.

ಈಗ ರೇಡಿಯೋದಲ್ಲಿ ಹಾಡು ನಡುವಿಗೆ ಬಂದಿದೆ, ಬ್ರೆಂಡಾ ಶೆಡ್ಡಿನಿಂದ ಆಚೆ ಬಂದು ಬೇಲಿಗೆ ಮೊಣಕೈ ಊರುತ್ತಾಳೆ, ಕೈಯಲ್ಲಿ ಚಹಾದ ಮಗ್ಗು, ಹೇಮಾ ಲವ್, ಇದು ನಮ್ಮ ಶೆಫೀಲ್ಡಿನ ಹಾಡು ಗೊತ್ತಾ, ನಾವು ಇದಕ್ಕೆ ಹಿಮ್ಮಡಿ ಕಿತ್ತುಹೋಗೋ ಹಾಗೆ ಕುಣೀತಿದ್ವಿ, ಈಗ ನೋಡು, ಯಾರೋ ಸತ್ತ ಹಾಗೆ ಹಾಡ್ತಾಳೆ. ಗೊತ್ತು ಬ್ರೆಂಡಾ, ನಮ್ಮ ಪಕ್ಕದ ಮನೆ ಹುಡುಗನೇ, ಅನ್ನುತ್ತಾಳೆ ಹೇಮಾ, ಇಂಗ್ಲಿಷಿನಲ್ಲಿ, ಬ್ರೆಂಡಾ ಹೌದಾ ಅಂತ ಬಾಯಿ ತೆರೆದು, ಒಲೆ ಮೇಲಿಟ್ಟ ಕೆಟಲ್ ಕೂಗಿದ್ದಕ್ಕೆ ಒಳಗೋಡುತ್ತಾಳೆ, ಹೇಮಾ ಕೈಯ ಗೆಡ್ಡೆಯ ಮಣ್ಣು ಹೆಬ್ಬೆರಳಿನಿಂದ ತಿಕ್ಕುತ್ತ, ಕನ್ನಡದಲ್ಲಿ, ಯಾರಿಗೆ ಅಂತಲೂ ಇಲ್ಲದೆ, ಮೊದಲು ನನ್ನ ಉಸಿರಿತ್ತು, ಈ ಸಲಾನೂ ಹಾಕಿಲ್ಲ. ಫೋರ್ಕು ಮಣ್ಣಿನಲ್ಲೇ ನಿಂತಿತು. ಏನಂದೆ. ಉಸಿರು ರೀ, ಶುರುವಿಗೆ. ನಿನಗೆ — ಯಾವಾಗ ಗೊತ್ತಾಯ್ತು, ಅಂದ. ಮೊದಲ ಸಲಾನೇ, ಅಂದಳು, ಆಸ್ಪತ್ರೆ ಕ್ಯಾಂಟೀನಲ್ಲಿ ಹಾಕಿದ್ರು, ನನ್ನ ಉಸಿರು ನನಗೆ ಗೊತ್ತಾಗಲ್ವಾ, ತಟ್ಟೆ ಹಿಡಿದು ನಿಂತೇಬಿಟ್ಟಿದ್ದೆ, ಸಾರೆಲ್ಲ ಕೈ ಮೇಲೆ. ನೀನು ಹೇಳಲೇ ಇಲ್ಲ. ನೀವು ಹೇಳ್ತೀರೇನೋ ಅಂತ ನೋಡ್ತಿದ್ದೆ. ಅಷ್ಟೇ ಅಂದಳು, ಗೆಡ್ಡೆಯನ್ನು ಚೀಲಕ್ಕೆ ಹಾಕಿದಳು, ಇನ್ನೊಂದು ಎತ್ತಿಕೊಂಡಳು, ಸಿಟ್ಟಿಲ್ಲ ದನಿಯಲ್ಲಿ, ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲಿಕ್ಕೆ ಏನಾದರೂ ಸಿಗುತ್ತಿತ್ತು, ಇಷ್ಟು ವರ್ಷ ಅವನು ನೋಡದೆ ಇದ್ದದ್ದು ಅವಳು ನೋಡುತ್ತಿದ್ದದ್ದನ್ನು, ಬಸ್ಸಿನ ಕಿಟಕಿಯಲ್ಲಿ, ಹಾಲಿನ ತಾರೀಖಿನಲ್ಲಿ — ಆಮೇಲೆ ಹರ್ಷಿತಾ ಹುಟ್ಟಿದಳು, ಮಾರ್ಟ್‌ಗೇಜು, ಅಲ್ಲಿ ಅಪ್ಪ ಹೋದರು, ಮಾತು ಹಳೇದಾಗಿಹೋಯ್ತು, ಅನ್ನುತ್ತಾಳೆ, ಆ ಹುಡುಗ ಎಷ್ಟೋ ವಾಸಿ, ನಿಮ್ಮ ಮಾತನ್ನ ಕತ್ತರಿಸಿಯಾದರೂ ಹಾಕಿದ. ಹೇಮಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ಬಿಡಿ, ಈ ಸಾಲು ಮುಗಿಸಿ, ಮೋಡ ಕಟ್ತಿದೆ, ಗೆಡ್ಡೆ ನೆಂದರೆ ಕೊಳೆಯುತ್ತೆ. ಅವನು ಮೀಟಲಿಲ್ಲ, ಗಂಟಲಿಗೆ ಬಂದದ್ದು ಕ್ಷಮಾಪಣೆಯಲ್ಲ, ಅದರ ಹೊತ್ತು ಆಗಲೇ ಮೀರಿದೆ, ಬಂದದ್ದು ಬೇರೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದೆ ಇದ್ದದ್ದು, ಕೇಳಬೇಕು ಅಂತ ಹೊಳೆಯದೇ ಇದ್ದದ್ದು — ಅವತ್ತು ಏನು ಹಾಡೋಕೆ ಹೊರಟಿದ್ದೆ? ಹೇಮಾ ತಲೆ ಎತ್ತಿದಳು. ಕನ್ನಡಕದ ಮೇಲೆ ಮಣ್ಣಿನ ಚುಕ್ಕೆ. ಏನೋ ತಮಾಷೆಯ ಮಾತು ಬಂದು ತುಟಿಯಂಚಿಗೇ ನಿಂತಿತು, ಮುಖ ಮೆತ್ತಗಾಯಿತು, ಯಾರೂ ಕೇಳಿರಲಿಲ್ಲ ಅದನ್ನು, ಬೆನ್ನು ನೆಟ್ಟಗೆ ಮಾಡಿಕೊಂಡು ರಬ್ಬರು ದಿಂಬಿನ ಮೇಲೆ ಸರಿಯಾಗಿ ಕೂತಳು, ಬಲಗೈ ತಾನಾಗಿ ತೊಡೆಯಿಂದ ಎದ್ದಿತು, ಮಣ್ಣುಗೈ, ಬೆರಳು ಸೊಟ್ಟಗಾಗಿದೆ, ತುಟಿ ತೆರೆಯಿತು, ಉಸಿರನ್ನು ಒಳಗೆಳೆದುಕೊಂಡಳು, ಅದೇ, ತಳದ ತನಕ, ಅವನು ಫೋರ್ಕಿನ ಹಿಡಿ ಬಿಟ್ಟ, ಸದ್ದು ಮಾಡಬಾರದು, ಈ ಸಲ ಒಂದು ಮಾತೂ — ಕಾದ — ರೇಡಿಯೋದಲ್ಲಿ ಹಾಡು ಮುಗಿದು ಯಾರೋ ಹವಾಮಾನ ಹೇಳುತ್ತಿದ್ದಾರೆ — ಅವಳ ಕಣ್ಣು ಎಲ್ಲೋ ಹುಡುಕುತ್ತಿದೆ, ಹುಡುಕುತ್ತಲೇ ಇದೆ — ನೆನಪಿಲ್ಲ ರೀ, ಅಂದಳು, ಸಣ್ಣ ದನಿಯಲ್ಲಿ, ತಾನೇ ಬೆಚ್ಚಿದವಳ ಹಾಗೆ, ಅದು ಹೋಗಿಬಿಟ್ಟಿದೆ — ಕೈ ಮಾತ್ರ ಇಳಿದಿರಲಿಲ್ಲ, ತೊಡೆಯಿಂದ ಸ್ವಲ್ಪ ಮೇಲೆ, ತಾಳಕ್ಕೆ ಎತ್ತಿದ ಹಾಗೇ, ಬೆರಳ ಸಂದಿನಿಂದ ಒಣ ಮಣ್ಣು ಉದುರುತ್ತಿದೆ, ಕೈ ಹಾಗೇ ಇದೆ, ಆ ಕೈ —